ಹಳೆಯ ಸಿನಿಮಾ ಪ್ರಿಯರಿಗೆ ಒಂದೇ ಪತ್ರಿಕೆ ಎಂದರೆ ಯಾವುದು?

ಪ್ರಶ್ನೆ: ನಾವು ಏಳು ಜನ ಗೆಳೆಯರು. ಹದಿನೈದು ದಿನಕ್ಕೊಮ್ಮೆ ಒಬ್ಬರ ಮನೆಯ ಜಗಲಿಯಲ್ಲಿ ಬಿಳಿ ಪಂಚೆ ಕಟ್ಟಿ, ಪ್ರೊಜೆಕ್ಟರ್ ಇಟ್ಟು ಹಳೆಯ ಸಿನಿಮಾ ನೋಡುತ್ತೇವೆ. ಮೂಕಿ ಕಾಲದಿಂದ 1970ರ ದಶಕದವರೆಗಿನವು, ದೇಶದ್ದೂ ವಿದೇಶದ್ದೂ. ನೋಡಿದ ಮೇಲೆ ಮಾತಾಡಲು ಕೂತರೆ ಹತ್ತು ನಿಮಿಷಕ್ಕೆ ಮಾತು ಮುಗಿದುಹೋಗುತ್ತದೆ. ಎಲ್ಲರೂ ದುಡ್ಡು ಹಾಕಿ ಒಂದು ಒಳ್ಳೆಯ ಪತ್ರಿಕೆ ತರಿಸೋಣ ಎಂದುಕೊಂಡಿದ್ದೇವೆ. ಯಾವುದು ತರಿಸಬೇಕು? ನಮ್ಮಲ್ಲಿ ಇಬ್ಬರಿಗೆ ಇಂಗ್ಲಿಷ್ ಓದು ಅಷ್ಟು ಸಲೀಸಲ್ಲ. ಇಂಟರ್‌ನೆಟ್ಟಿನಲ್ಲಿ ಎಲ್ಲವೂ ಪುಕ್ಕಟೆ ಸಿಗುವಾಗ ಪತ್ರಿಕೆಗೆ ದುಡ್ಡು ಯಾಕೆ ಎಂದು ಒಬ್ಬ ಗೆಳೆಯ ಹಟ ಹಿಡಿದಿದ್ದಾನೆ. ಅವನಿಗೆ ಏನು ಹೇಳುವುದು?

ಉತ್ತರ: ‘ಸೈಟ್ ಅಂಡ್ ಸೌಂಡ್’ ಎಂಬ ಇಂಗ್ಲಿಷ್ ಸಿನಿಮಾ ಪತ್ರಿಕೆ ತರಿಸಿ. ಮುದ್ರಿತ ಪ್ರತಿಗಿಂತ ಡಿಜಿಟಲ್ ಚಂದಾ ವಾಸಿ. ಚಂದಾ ಕಟ್ಟಿದ ಮೇಲೆ ಹೊಸ ಸಂಚಿಕೆಯನ್ನು ಪಕ್ಕಕ್ಕಿಟ್ಟು ಹಳೆಯದನ್ನು ತೆರೆಯಿರಿ. ನಾನು ಈ ಪತ್ರಿಕೆಯನ್ನು ಶಿಫಾರಸು ಮಾಡುವುದೇ ಅದರ ಹಳೆಯ ಸಂಚಿಕೆಗಳಿಗಾಗಿ. 1932ರ ಮೊದಲ ಸಂಚಿಕೆಯಿಂದ ಇಲ್ಲಿಯವರೆಗಿನ ಪುಟಗಳನ್ನೆಲ್ಲ ಸ್ಕ್ಯಾನ್ ಮಾಡಿ ಒಂದು ಭಂಡಾರ ಮಾಡಿದ್ದಾರೆ. ಚಂದಾದ ಬಗೆಗಳು ಹಲವಿರುತ್ತವೆ, ಹಾಗಾಗಿ ದುಡ್ಡು ಕಟ್ಟುವ ಮೊದಲು ಆ ಭಂಡಾರವೂ ಅದರಲ್ಲಿ ಸೇರಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಅದಿಲ್ಲದ ಚಂದಾ ನಿಮ್ಮ ಕೆಲಸಕ್ಕೆ ಬಾರದು.

ನೀವು ಕೇಳದಿದ್ದರೂ ಪತ್ರಿಕೆಯ ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ, ಮುಂದಿನ ಮಾತಿಗೆ ಬೇಕಾಗುತ್ತದೆ. ಲಂಡನ್ನಿನಲ್ಲಿ ವಯಸ್ಕರ ಶಿಕ್ಷಣಕ್ಕೆಂದು ಇದ್ದ ಸಂಸ್ಥೆಯೊಂದು ಇದನ್ನು ತ್ರೈಮಾಸಿಕವಾಗಿ ಶುರುಮಾಡಿತು. 1933ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಹುಟ್ಟಿತು, ಮರುವರ್ಷ ಪತ್ರಿಕೆ ಅದರ ಕೈಗೆ ಬಂತು. ಅದೇ 1934ರಲ್ಲಿ ‘ಮಂತ್ಲಿ ಫಿಲ್ಮ್ ಬುಲೆಟಿನ್’ ಎಂಬ ಇನ್ನೊಂದು ಪತ್ರಿಕೆಯನ್ನೂ ಇನ್‌ಸ್ಟಿಟ್ಯೂಟ್ ಹೊರಡಿಸಿತು. ಬ್ರಿಟನ್ನಿನಲ್ಲಿ ಬಿಡುಗಡೆಯಾದ ಸಿನಿಮಾಗಳ ತಂತ್ರಜ್ಞರ ಪಟ್ಟಿ, ಕತೆಯ ಸಾರ, ಚಿಕ್ಕ ವಿಮರ್ಶೆ ದಾಖಲಿಸುವುದಷ್ಟೇ ಅದರ ಕೆಲಸ. ಒಂದು ರೀತಿಯಲ್ಲಿ ಊರಿನ ಶ್ಯಾನುಭೋಗರ ಲೆಕ್ಕದ ಪುಸ್ತಕ. 1991ರಲ್ಲಿ ಎರಡೂ ಒಂದಾಗಿ ಮಾಸಿಕವಾಯಿತು. ಈಗ ವರ್ಷಕ್ಕೆ 10 ಸಂಚಿಕೆ ಬರುತ್ತವೆ.

ಪತ್ರಿಕೆಗೆ ನಿಜವಾದ ಜೀವ ಬಂದದ್ದು 1949ರಲ್ಲಿ, ಗ್ಯಾವಿನ್ ಲ್ಯಾಂಬರ್ಟ್ ಸಂಪಾದಕನಾದಾಗ. ಅವನೂ ಲಿಂಡ್ಸೆ ಆ್ಯಂಡರ್ಸನ್ ಮುಂತಾದ ಗೆಳೆಯರೂ ಸೇರಿ ಅದಕ್ಕೂ ಮೊದಲು ‘ಸೀಕ್ವೆನ್ಸ್’ ಎಂಬ ಸಣ್ಣ ಪತ್ರಿಕೆ ನಡೆಸುತ್ತಿದ್ದರು. ಎಳೆಯ ವಯಸ್ಸು, ಬಿಸಿ ರಕ್ತ. ಆ ಬಿಸಿಯನ್ನೇ ಲ್ಯಾಂಬರ್ಟ್ ಇಲ್ಲಿಗೆ ತಂದ. 1956ರಿಂದ 1990ರವರೆಗೆ ಪೆನೆಲೊಪಿ ಹ್ಯೂಸ್ಟನ್ ಸಂಪಾದಕಿ. 34 ವರ್ಷ ಒಬ್ಬರೇ ಒಂದು ಸಿನಿಮಾ ಪತ್ರಿಕೆಯನ್ನು ನಡೆಸುವುದು ಸಣ್ಣ ಮಾತಲ್ಲ. ನೀವು ನೋಡುವ ಸಿನಿಮಾಗಳಲ್ಲಿ ಅರ್ಧದಷ್ಟು ತೆರೆಗೆ ಬಂದದ್ದು ಅವರ ಕಾಲದಲ್ಲೇ.

ಈಗ ನಿಮ್ಮ ಗೆಳೆಯನ ತಕರಾರಿಗೆ ಬರುತ್ತೇನೆ. ಅವನು ಹೇಳುವುದು ಅರ್ಧ ಸರಿ. ಒಂದು ಸಿನಿಮಾ ಯಾವ ವರ್ಷದ್ದು, ಯಾರು ತೆಗೆದದ್ದು, ಏನು ಪ್ರಶಸ್ತಿ ಬಂತು ಎಂಬುದೆಲ್ಲ ಪುಕ್ಕಟೆ ಸಿಗುತ್ತದೆ. ಅದಕ್ಕೆ ಬಿಡಿಕಾಸೂ ಕೊಡಬೇಡಿ. ಆದರೆ ಇಂಟರ್‌ನೆಟ್ಟಿನಲ್ಲಿ ಒಂದು ಹಳೆಯ ಸಿನಿಮಾ ಹುಡುಕಿದರೆ ಸಿಗುವುದು ಅದರ ಬಗ್ಗೆ ಇವತ್ತಿನ ಅಭಿಪ್ರಾಯ. ‘ಮೇರುಕೃತಿ’ ಎಂಬ ಮುದ್ರೆ ಆಗಲೇ ಬಿದ್ದಿರುತ್ತದೆ. ಮೇರುಕೃತಿ ಎಂದು ಮೊದಲೇ ತಿಳಿದುಕೊಂಡು ನೋಡಿದವರಿಗೆ ಆಮೇಲೆ ಮಾತಾಡಲು ಏನು ಉಳಿಯುತ್ತದೆ? ನಿಮ್ಮ ಮಾತು ಹತ್ತೇ ನಿಮಿಷಕ್ಕೆ ಮುಗಿಯುವುದು ಇದೇ ಕಾರಣಕ್ಕೆ ಎಂದು ನನ್ನ ಅನಿಸಿಕೆ. ಆ ಸಿನಿಮಾ ಬಂದ ವರ್ಷ ಅದನ್ನು ನೋಡಿದವರು ಏನೆಂದರು, ಎಲ್ಲಿ ಎಡವಿದರು, ಇಪ್ಪತ್ತು ವರ್ಷ ಬಿಟ್ಟು ಅದೇ ಪತ್ರಿಕೆ ಹೇಗೆ ಮಾತು ಬದಲಿಸಿತು, ಇದು ಸಾಲಾಗಿ ಒಂದೇ ಕಡೆ ಸಿಗಬೇಕು. ನಾನು ಹೇಳುತ್ತಿರುವುದು ಅಂಥ ಜಾಗದ ಬಗ್ಗೆ.

‘ವರ್ಟಿಗೊ’ ತೆಗೆದುಕೊಳ್ಳಿ. ಹಿಚ್‌ಕಾಕ್‌ನ ಈ ಸಿನಿಮಾ 1958ರದ್ದು. ‘ಸೈಟ್ ಅಂಡ್ ಸೌಂಡ್’ ಅದನ್ನು ತಣ್ಣಗೆ ಬರಮಾಡಿಕೊಂಡಿತು. ವಿಮರ್ಶೆ ಬರೆದವರು ಸ್ವತಃ ಹ್ಯೂಸ್ಟನ್. ಹಿಚ್‌ಕಾಕ್ ಮಾಡಿದ್ದನ್ನೇ ಮತ್ತೆ ಮಾಡುತ್ತಿದ್ದಾನೆ, ಅದೂ ನಿಧಾನವಾಗಿ ಎಂಬ ಧಾಟಿಯ ಬರಹ ಅದು. ಆ ಕಾಲದಲ್ಲಿ ಹಿಚ್‌ಕಾಕ್ ಎಂದರೆ ಒಳ್ಳೆಯ ಮನರಂಜನೆಗಾರ, ಅದಕ್ಕಿಂತ ಹೆಚ್ಚಿಲ್ಲ ಎಂಬುದು ಲಂಡನ್ನಿನ ವಿಮರ್ಶಕರ ನಿಲುವು. 1960ರಲ್ಲಿ ರಾಬಿನ್ ವುಡ್ ಎಂಬ ಶಾಲಾ ಮೇಷ್ಟ್ರು ಹಿಚ್‌ಕಾಕ್‌ನದೇ ‘ಸೈಕೊ’ ಸಿನಿಮಾದ ಬಗ್ಗೆ ಗಂಭೀರವಾದ ಲೇಖನ ಬರೆದು ಕಳಿಸಿದರೆ ಪತ್ರಿಕೆ ಅದನ್ನು ವಾಪಸು ಮಾಡಿತು. ವುಡ್ ಅದನ್ನು ಪ್ಯಾರಿಸ್ಸಿನ ‘ಕಾಯೆ ದ್ಯು ಸಿನೆಮಾ’ ಪತ್ರಿಕೆಗೆ ಕಳಿಸಿದರು, ಅಲ್ಲಿ ಅಚ್ಚಾಯಿತು. 1965ರಲ್ಲಿ ಅದೇ ವುಡ್ ಹಿಚ್‌ಕಾಕ್ ಬಗ್ಗೆ ಪುಸ್ತಕವನ್ನೇ ಬರೆದು ‘ವರ್ಟಿಗೊ’ವನ್ನು ಎತ್ತಿ ಹಿಡಿದರು.

‘ಸೈಟ್ ಅಂಡ್ ಸೌಂಡ್’ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳಿ ಜಗತ್ತಿನ ಶ್ರೇಷ್ಠ ಸಿನಿಮಾಗಳ ಪಟ್ಟಿ ಪ್ರಕಟಿಸುತ್ತದೆ. ಆ ಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. 1962ರ ಮೊದಲ ಹತ್ತರಲ್ಲಿ ‘ವರ್ಟಿಗೊ’ ಇಲ್ಲ. 1972ರಲ್ಲೂ ಇಲ್ಲ. 1982ರಲ್ಲಿ ಏಳನೆಯ ಸ್ಥಾನ, 1992ರಲ್ಲಿ ನಾಲ್ಕು, 2002ರಲ್ಲಿ ಎರಡು. 2012ರಲ್ಲಿ, 50 ವರ್ಷ ಮೊದಲ ಸ್ಥಾನದಲ್ಲಿ ಕೂತಿದ್ದ ‘ಸಿಟಿಜನ್ ಕೇನ್’ ಕೆಳಗಿಳಿದು ‘ವರ್ಟಿಗೊ’ ಮೇಲೇರಿತು. 191 ಮತಕ್ಕೆ 157. ಒಂದು ಕಾಲಕ್ಕೆ ತಣ್ಣಗೆ ಬರಮಾಡಿಕೊಂಡ ಪತ್ರಿಕೆಯ ಪುಟದಲ್ಲೇ ಅದಕ್ಕೆ ಪಟ್ಟ.

ಇದರೊಳಗೆ ಒಂದು ವಿಚಿತ್ರ ಇದೆ, ನನಗೆ ಬಹಳ ಇಷ್ಟವಾದದ್ದು. 1970ರ ದಶಕದಲ್ಲಿ ಹಿಚ್‌ಕಾಕ್ ತನ್ನ ಹಕ್ಕಿನಲ್ಲಿದ್ದ ಐದು ಸಿನಿಮಾಗಳನ್ನು ಪ್ರದರ್ಶನದಿಂದ ಹಿಂದಕ್ಕೆ ಪಡೆದಿದ್ದ. ‘ವರ್ಟಿಗೊ’ ಅದರಲ್ಲೊಂದು. ಅವನು ತೀರಿಕೊಂಡ ಮೇಲೆ, 1983–84ರ ಹೊತ್ತಿಗೆ ಅವು ಮತ್ತೆ ಥಿಯೇಟರಿಗೆ ಬಂದವು. ಅಂದರೆ 1982ರಲ್ಲಿ ಮತ ಹಾಕಿದವರಲ್ಲಿ ಬಹಳ ಮಂದಿ ಆ ಸಿನಿಮಾವನ್ನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ, ನೆನಪಿನ ಮೇಲೆಯೇ ಮತ ಹಾಕಿದರು. ನೋಡಲು ಸಿಗದ ಸಿನಿಮಾ ಮನಸ್ಸಿನಲ್ಲಿ ಬೆಳೆಯುತ್ತಾ ಹೋಗಿತ್ತು. ಈ ಒಂದು ಸಂಗತಿ ಹಿಡಿದು ನಿಮ್ಮ ಜಗಲಿಯಲ್ಲಿ ಒಂದು ಇಡೀ ಸಂಜೆ ಮಾತಾಡಬಹುದು.

ಇನ್ನೊಂದು ಉಪಯೋಗ ಇದೆ, ನನ್ನ ಲೆಕ್ಕದಲ್ಲಿ ಅದೇ ದೊಡ್ಡದು. ಹಳೆಯ ಸಿನಿಮಾ ನೋಡುವವರು ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದೇ ಇಲ್ಲ: ನಾವು ನೋಡುತ್ತಿರುವುದು ಯಾವ ಪ್ರತಿ? ಕಾದಂಬರಿ ಯಾವ ಮುದ್ರಣದಲ್ಲಿ ಓದಿದರೂ ಹೆಚ್ಚುಕಡಿಮೆ ಅದೇ ಕಾದಂಬರಿ. ಸಿನಿಮಾ ಹಾಗಲ್ಲ. ಅದು ರೀಲಿನಲ್ಲಿದ್ದ ವಸ್ತು. ಸುಟ್ಟುಹೋಗುತ್ತದೆ, ಕುಗ್ಗುತ್ತದೆ, ಸೆನ್ಸಾರಿನವರ ಕತ್ತರಿಗೆ ಸಿಗುತ್ತದೆ.

ಡೆನ್ಮಾರ್ಕಿನ ನಿರ್ದೇಶಕ ಡ್ರೇಯರ್‌ನ ‘ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್’ 1928ರ ಮೂಕಿ ಚಿತ್ರ. ನೀವು ನೋಡಿಯೇ ಇರುತ್ತೀರಿ. ತುಂಬಾ ಹತ್ತಿರದಿಂದ ತೆಗೆದ ಮುಖಗಳು, ಬಣ್ಣ ಹಚ್ಚದ ಚರ್ಮ, ಜೋನ್ ಪಾತ್ರ ಮಾಡಿದ ಫಾಲ್ಕೊನೆಟ್ಟಿಯ ಕಣ್ಣಿನಿಂದ ಜಾರುವ ನೀರು. ಅದರ ಮೂಲ ನೆಗೆಟಿವ್ ಬಿಡುಗಡೆಯಾದ ವರ್ಷವೇ ಬೆಂಕಿಗೆ ಸಿಕ್ಕಿತು. ಡ್ರೇಯರ್ ಬಳಸದೆ ಬಿಟ್ಟಿದ್ದ ತುಣುಕುಗಳನ್ನೇ ಆಯ್ದು ಇನ್ನೊಂದು ಆವೃತ್ತಿ ಕಟ್ಟಿದ. 1950ರ ದಶಕದ ಆರಂಭದಲ್ಲಿ ಲೋ ದೂಕಾ ಎಂಬಾತ ಪ್ಯಾರಿಸ್ಸಿನಲ್ಲಿ ಆ ಆವೃತ್ತಿಯ ನೆಗೆಟಿವ್ ಸಿಕ್ಕಿತೆಂದು ಅದಕ್ಕೆ ಬಾಖ್, ವಿವಾಲ್ಡಿ ಸಂಗೀತ ಕೂಡಿಸಿ ಹೊರತಂದ. ಡ್ರೇಯರ್‌ಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. (ಈ ಲೋ ದೂಕಾ, 1951ರಲ್ಲಿ ಆಂದ್ರೆ ಬಾಜಾನ್ ಜೊತೆ ‘ಕಾಯೆ ದ್ಯು ಸಿನೆಮಾ’ ಶುರುಮಾಡಿದವರಲ್ಲಿ ಒಬ್ಬ. ಸಿನಿಮಾ ಪ್ರೀತಿಸುವವರ ಕೈಯಲ್ಲೂ ಸಿನಿಮಾ ಹೀಗಾಗುತ್ತದೆ.) ಮೂವತ್ತು ವರ್ಷ ಫಿಲ್ಮ್ ಸೊಸೈಟಿಗಳು ತೋರಿಸಿದ್ದು ಬಹುಪಾಲು ಇಂಥ ಪ್ರತಿಗಳನ್ನೇ. 1981ರಲ್ಲಿ ನಾರ್ವೆಯ ಓಸ್ಲೊ ಹತ್ತಿರದ ಮಾನಸಿಕ ಆಸ್ಪತ್ರೆಯೊಂದರ ಕಪಾಟಿನಲ್ಲಿ ಕೆಲವು ಡಬ್ಬಿಗಳು ಸಿಕ್ಕವು. ಬಿಚ್ಚಿ ನೋಡಿದರೆ ಡ್ರೇಯರ್‌ನ ಮೊದಲ ಆವೃತ್ತಿ, ಕತ್ತರಿ ಬೀಳದ್ದು.

ಈಗ ಪಟ್ಟಿಗಳಿಗೆ ಹಿಂದಿರುಗಿ. 1952ರ ಮೊದಲ ಹತ್ತರಲ್ಲಿ ಈ ಸಿನಿಮಾ ಇದೆ, 1972ರಲ್ಲೂ ಇದೆ, 1992ರಲ್ಲೂ ಇದೆ. ಹೆಸರು ಒಂದೇ. ಆದರೆ 1972ರವರು ಹೊಗಳಿದ್ದು ಒಂದು ಪ್ರತಿಯನ್ನು, 1992ರವರು ಹೊಗಳಿದ್ದು ಇನ್ನೊಂದನ್ನು. ಹಳೆಯ ಸಂಚಿಕೆ ತೆರೆದು ಒಂದು ದೃಶ್ಯದ ವರ್ಣನೆ ಓದಿ, ಆಮೇಲೆ ನಿಮ್ಮ ಪರದೆಯ ಮೇಲಿನ ದೃಶ್ಯವನ್ನು ಅದಕ್ಕೆ ಹೊಂದಿಸಿ ನೋಡಿ. ಹೊಂದದ ಕಡೆ ನಿಲ್ಲಿಸಿ, ಯಾಕೆ ಎಂದು ಹುಡುಕಿ. ಸಿನಿಮಾದ ಇತಿಹಾಸವನ್ನು ನಾನು ಕಲಿತದ್ದು ಹೀಗೆಯೇ, ಬೇರೆ ಯಾವ ಪಾಠದಿಂದಲೂ ಅಲ್ಲ.

‘ವರ್ಟಿಗೊ’ಗೂ ಇದು ಅನ್ವಯಿಸುತ್ತದೆ. 1996ರಲ್ಲಿ ರಾಬರ್ಟ್ ಹ್ಯಾರಿಸ್ ಮತ್ತು ಜೇಮ್ಸ್ ಕಾಟ್ಜ್ ಅದನ್ನು 70 ಎಂಎಂಗೆ ತಂದು ಪುನರುಜ್ಜೀವಗೊಳಿಸಿದಾಗ ಹೆಜ್ಜೆ ಸದ್ದು, ಗುಂಡಿನ ಸದ್ದುಗಳನ್ನು ಹೊಸದಾಗಿ ಧ್ವನಿಮುದ್ರಿಸಿ ಸೇರಿಸಿದರು. ಆಗ ಅದರ ಬಗ್ಗೆ ದೊಡ್ಡ ಜಗಳವೇ ಆಯಿತು. ಸಿನಿಮಾ ಶುರುವಾಗುತ್ತಲೇ ಬರುವ ಛಾವಣಿ ಮೇಲಿನ ಓಟವನ್ನು ಕಣ್ಣು ಮುಚ್ಚಿ ಕೇಳಿ. ಗುಂಡಿನ ಸದ್ದು ಉಳಿದ ಧ್ವನಿಯ ಜೊತೆ ಬೆರೆತಿದೆಯೇ, ಬೇರೆಯಾಗಿ ಮುಂದೆ ನಿಂತಿದೆಯೇ? ಎರಡು ಬೇರೆ ಬೇರೆ ಪ್ರತಿ ಸಿಕ್ಕರೆ ಒಂದಾದ ಮೇಲೊಂದು ಕೇಳಿಸಿ. ನಿಮ್ಮ ಏಳು ಜನರಲ್ಲಿ ಒಬ್ಬರಿಗಾದರೂ ವ್ಯತ್ಯಾಸ ತಟ್ಟುತ್ತದೆ.

ನಮ್ಮ ನೆಲಕ್ಕೆ ಬಂದರೆ, ‘ಪಥೇರ್ ಪಾಂಚಾಲಿ’. ಸತ್ಯಜಿತ್ ರಾಯ್ 1957ರಲ್ಲಿ, ಕ್ಯಾನ್ ಚಿತ್ರೋತ್ಸವದ ಪ್ರಶಸ್ತಿ ಬಂದ ಮರುವರ್ಷ, ಆ ಸಿನಿಮಾ ತೆಗೆದ ಕತೆಯನ್ನು ‘ಸೈಟ್ ಅಂಡ್ ಸೌಂಡ್’ಗೇ ಬರೆದರು. ಅದು ಆಮೇಲೆ ಅವರ ಪ್ರಬಂಧಗಳ ಪುಸ್ತಕದಲ್ಲೂ ಸೇರಿತು. ಪುಸ್ತಕದಲ್ಲಿ ಓದುವುದಕ್ಕೂ ಆ ಸಂಚಿಕೆಯಲ್ಲೇ ಓದುವುದಕ್ಕೂ ಬಹಳ ಅಂತರ ಇದೆ. ಪುಸ್ತಕದ ರಾಯ್ ಜಗತ್ತೇ ಬಲ್ಲ ನಿರ್ದೇಶಕ. ಸಂಚಿಕೆಯ ರಾಯ್ ಒಂದೆರಡು ಸಿನಿಮಾ ಮುಗಿಸಿದ, ಕಲ್ಕತ್ತೆಯ ಜಾಹೀರಾತು ಕಂಪನಿಯಲ್ಲಿ ಚಿತ್ರ ಬರೆದುಕೊಂಡಿದ್ದ ಮೂವತ್ತೈದರ ಮನುಷ್ಯ. ಮೊದಲ ಚಿತ್ರೀಕರಣ 1952ರ ಅಕ್ಟೋಬರ್ 27ರಂದು, ಬಿಳಿ ಕಾಶ ಹೂವಿನ ಬಯಲಿನಲ್ಲಿ. ಅಕ್ಕ ದುರ್ಗಾ ಮುಂದೆ, ಅಪು ಹಿಂದೆ. ದೃಶ್ಯ ಅರ್ಧ ಮುಗಿಯಿತು. ಮತ್ತೆ ಹೋಗುವ ಹೊತ್ತಿಗೆ ದನಗಳು ಹೂವನ್ನೆಲ್ಲ ಮೇಯ್ದು ಮುಗಿಸಿದ್ದವು. ಉಳಿದರ್ಧ ತೆಗೆಯಲು ಮುಂದಿನ ಹೂವಿನ ಕಾಲದವರೆಗೆ ಕಾಯಬೇಕಾಯಿತು. ಸಿನಿಮಾ ಹಾಕಿ, ಆ ದೃಶ್ಯ ಬಂದಾಗ ಇದನ್ನು ನೆನಪಿಸಿಕೊಳ್ಳಿ. ಎರಡು ವರ್ಷದ ಹೂವು ಒಂದೇ ಬಯಲಾಗಿ ಕಾಣುತ್ತದೆ.

ಇಲ್ಲೂ ಪ್ರತಿಯ ಪ್ರಶ್ನೆ ಬರುತ್ತದೆ. 1993ರಲ್ಲಿ ಲಂಡನ್ನಿನ ಲ್ಯಾಬೊರೇಟರಿಯೊಂದಕ್ಕೆ ಬೆಂಕಿ ಬಿದ್ದು, ‘ಪಥೇರ್ ಪಾಂಚಾಲಿ’ಯೂ ಸೇರಿದ ಅಪು ಚಿತ್ರತ್ರಯದ ನೆಗೆಟಿವ್‌ಗಳು ಸುಟ್ಟವು. ಕರಟಿದ, ಅಂಟಿಕೊಂಡ ರೀಲುಗಳನ್ನು ಎಸೆಯದೆ ಅಮೆರಿಕದ ಆಸ್ಕರ್ ಅಕಾಡೆಮಿಯ ಸಂಗ್ರಹಾಲಯದಲ್ಲಿ ಇಟ್ಟರು. ಇಪ್ಪತ್ತು ವರ್ಷದ ಮೇಲೆ ಇಟಲಿಯ ಬೊಲೊನ್ಯಾದಲ್ಲಿ ತಂತ್ರಜ್ಞರು ಅವನ್ನು ಮತ್ತೆ ತೇವಗೊಳಿಸಿ, ಒಂದೊಂದೇ ಪದರ ಬಿಡಿಸಿ, ರೀಲಿನ ಅಂಚಿನ ತೂತುಗಳನ್ನು ಕೈಯಿಂದ ದುರಸ್ತಿ ಮಾಡಿ ಸ್ಕ್ಯಾನ್ ಮಾಡಿದರು. ‘ಪಥೇರ್ ಪಾಂಚಾಲಿ’ಯ ಸುಮಾರು ನೂರಕ್ಕೆ 40 ಭಾಗ ಆ ಸುಟ್ಟ ನೆಗೆಟಿವ್‌ನಿಂದಲೇ ಬಂತು, ಉಳಿದದ್ದನ್ನು ಬೇರೆ ಬೇರೆ ಪ್ರತಿಗಳಿಂದ ತುಂಬಿಸಿದರು. 2015ರಲ್ಲಿ ಅದು ತೆರೆಗೆ ಬಂದಾಗ, ನಮ್ಮ ಫಿಲ್ಮ್ ಸೊಸೈಟಿಯ ಗೀರುಬಿದ್ದ 16 ಎಂಎಂ ಪ್ರತಿಯಲ್ಲಿ ಅದನ್ನು ಮೊದಲು ನೋಡಿದ್ದ ನನಗೆ ಅದರ ಮುದುಕಿ ಇಂದಿರ್ ಠಾಕ್ರುಣ್ ಮುಖದ ಒಂದೊಂದು ಗೆರೆಯೂ ಹೊಸದಾಗಿ ಕಂಡಿತು. ಆ ವಯಸ್ಸಿನಲ್ಲಿ ನಾವು ಸಿನಿಮಾ ನೋಡುವುದಕ್ಕೆ ಎಷ್ಟೋ ವರ್ಷ ಮೊದಲೇ ಅದರ ಬಗ್ಗೆ ಓದಿರುತ್ತಿದ್ದೆವು. ಗ್ರಂಥಾಲಯದಲ್ಲಿ ಬೈಂಡ್ ಹಾಕಿದ ಸಂಪುಟ ತೆರೆದರೆ ಮೂಗಿಗೆ ಮುಗ್ಗಲು ವಾಸನೆ, ಒಂದೊಂದು ಪುಟದಲ್ಲಿ ಕಪ್ಪುಬಿಳುಪಿನ ಒಂದು ಸ್ಟಿಲ್. ಆ ಒಂದು ಸ್ಟಿಲ್‌ನಿಂದ ಇಡೀ ಸಿನಿಮಾವನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳುತ್ತಿದ್ದೆವು. ನಿಮಗೆ ಈಗ ಎರಡೂ ಕೈಗೆ ಸಿಗುತ್ತವೆ, ಬಳಸಿಕೊಳ್ಳಿ.

ಪತ್ರಿಕೆಯ ಕೊರತೆಗಳನ್ನೂ ಹೇಳಬೇಕು, ದುಡ್ಡು ನಿಮ್ಮದು. ದಶಕದ ಪಟ್ಟಿಯನ್ನು ವೇದವಾಕ್ಯ ಎಂದು ತಿಳಿಯಬೇಡಿ. ಯಾರನ್ನು ಕೇಳಿದರು ಎಂಬುದರ ಮೇಲೆ ಉತ್ತರ ನಿಂತಿರುತ್ತದೆ. 1952ರಲ್ಲಿ ಉತ್ತರ ಕೊಟ್ಟವರು 63 ವಿಮರ್ಶಕರು, ಮೊದಲು ಬಂದದ್ದು ‘ಬೈಸಿಕಲ್ ಥೀವ್ಸ್’. ತೆರೆಗೆ ಬಂದು ನಾಲ್ಕೇ ವರ್ಷವಾಗಿದ್ದ ಸಿನಿಮಾ ಅದು. 2012ರಲ್ಲಿ 846 ಜನ. 2022ರಲ್ಲಿ 1,600ಕ್ಕೂ ಹೆಚ್ಚು. ಆ ಸಲ ಮೊದಲ ಸ್ಥಾನಕ್ಕೆ ಬಂದದ್ದು ಶಾಂತಾಲ್ ಅಕರ್‌ಮನ್ 1975ರಲ್ಲಿ ತೆಗೆದ ‘ಜಾನ್ ಡೀಲ್‌ಮನ್’. ಒಬ್ಬ ಗೃಹಿಣಿ ಆಲೂಗಡ್ಡೆ ಸುಲಿಯುವುದನ್ನು, ಹಾಸಿಗೆ ಮಡಚುವುದನ್ನು ಮೂರು ಗಂಟೆಗೂ ಮೀರಿ ತೋರಿಸುವ ಸಿನಿಮಾ. 2012ರ ಪಟ್ಟಿಯಲ್ಲಿ ಅದು ಮೊದಲ ಮೂವತ್ತರಲ್ಲೂ ಇರಲಿಲ್ಲ. ಮತದಾರರ ಬಳಗ ದೊಡ್ಡದಾಯಿತು, ಮಹಿಳೆಯರು ಹೆಚ್ಚಾದರು, ಸಿನಿಮಾ ಮನೆಯಲ್ಲೇ ನೋಡಲು ಸಿಗುವಂತಾಯಿತು, ಪಟ್ಟಿ ಬದಲಾಯಿತು. ಕೆಲವರು ಸಿಟ್ಟಾದರು, ನನಗೆ ಸಂತೋಷವಾಯಿತು. ಬದಲಾಗದ ಪಟ್ಟಿ ಯಾರಿಗೆ ಬೇಕು?

ಎರಡನೆಯ ಕೊರತೆ ನಮಗೆ ಹೆಚ್ಚು ನೋವು ಕೊಡುವಂಥದ್ದು. ಭಾರತ ಎಂದರೆ ಈ ಪತ್ರಿಕೆಗೆ ಬಹುಕಾಲ ರಾಯ್ ಮಾತ್ರ. ‘ಪಥೇರ್ ಪಾಂಚಾಲಿ’ 1992ರ ಮೊದಲ ಹತ್ತರಲ್ಲಿತ್ತು, 2022ರಲ್ಲಿ 35ನೆಯದು. ಕನ್ನಡ ಸಿನಿಮಾವನ್ನು ಹುಡುಕಿಕೊಂಡು ಭಂಡಾರದೊಳಗೆ ಹೋದರೆ ನಿರಾಸೆಯಾಗುತ್ತದೆ. ಆ ಖಾಲಿ ಜಾಗವನ್ನು ನೀವು ಬೇರೆ ಕಡೆಯಿಂದ ತುಂಬಿಕೊಳ್ಳಬೇಕು. ಬೆಂಗಳೂರಿನಿಂದಲೇ 1980ರ ದಶಕದ ಕೊನೆಯಿಂದ ‘ಡೀಪ್ ಫೋಕಸ್’ ಎಂಬ ಗಂಭೀರ ಸಿನಿಮಾ ಪತ್ರಿಕೆ ಹೊರಡುತ್ತಿತ್ತು. ಜಾರ್ಜ್ ಕುಟ್ಟಿ ಮತ್ತು ಎಂ.ಕೆ. ರಾಘವೇಂದ್ರ ಅದನ್ನು ಕಟ್ಟಿದವರು. ಹಳೆಯ ಪುಸ್ತಕದಂಗಡಿಯಲ್ಲೋ ಫಿಲ್ಮ್ ಸೊಸೈಟಿಯ ಹಿರಿಯರ ಅಟ್ಟದಲ್ಲೋ ಅದರ ಸಂಚಿಕೆ ಕಂಡರೆ ಬಿಡಬೇಡಿ. ನಮ್ಮ ಮನೆಗಳಿಗೆ ಬರುತ್ತಿದ್ದ ‘ರೂಪತಾರಾ’ದಂಥ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನೂ ರದ್ದಿಗೆ ಹಾಕಬೇಡಿ. ವಿಮರ್ಶೆಗಾಗಿ ಅಲ್ಲ, ಅದರಲ್ಲಿರುವ ಚಿತ್ರೀಕರಣದ ಫೋಟೊ, ಜಾಹೀರಾತು, ಓದುಗರ ಪತ್ರಗಳಿಗಾಗಿ. ಮೊದಲ ಕನ್ನಡ ವಾಕ್ಚಿತ್ರ, 1934ರ ‘ಸತಿ ಸುಲೋಚನಾ’, ಇವತ್ತು ಒಂದು ಪ್ರತಿಯೂ ಉಳಿದಿಲ್ಲ. ರೀಲು ಹೋದ ಮೇಲೆ ಉಳಿಯುವುದು ಕಾಗದ ಮಾತ್ರ.

ಪುಕ್ಕಟೆ ಎಂದು ಹಟ ಹಿಡಿದ ಗೆಳೆಯನಿಗೆ ಒಂದು ಕೆಲಸ ಒಪ್ಪಿಸಿ. ಇಂಟರ್‌ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ‘ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿ’ ಎಂಬ ಸಂಗ್ರಹ ಇದೆ, ‘ಲ್ಯಾಂಟರ್ನ್’ ಎಂಬ ಹುಡುಕುವ ಸಾಧನವೂ ಅದಕ್ಕಿದೆ. ಹಕ್ಕುಸ್ವಾಮ್ಯ ಮುಗಿದ ಹಳೆಯ ಸಿನಿಮಾ ಪತ್ರಿಕೆಗಳು ಅಲ್ಲಿ ರಾಶಿ ರಾಶಿಯಾಗಿವೆ. ಹಾಲಿವುಡ್‌ನ ‘ಫೋಟೊಪ್ಲೇ’, ಮೂಕಿ ಕಾಲದ ‘ಮೂವಿಂಗ್ ಪಿಕ್ಚರ್ ವರ್ಲ್ಡ್’, ಇನ್ನೂ ಎಷ್ಟೋ. ಮುಖ್ಯವಾಗಿ ಮುಂಬಯಿಯ ‘ಫಿಲ್ಮ್‌ಇಂಡಿಯಾ’. ಬಾಬುರಾವ್ ಪಟೇಲ್ 1935ರಲ್ಲಿ ಶುರುಮಾಡಿದ್ದು. ಆತನ ಬರಹ ಕಾರದ ಪುಡಿಯಂತೆ, ಯಾರನ್ನೂ ಬಿಡುತ್ತಿರಲಿಲ್ಲ. ಓದುಗರ ಪ್ರಶ್ನೆಗೆ ಆತ ಕೊಡುತ್ತಿದ್ದ ಉತ್ತರಗಳಿಗಾಗಿಯೇ ಜನ ಪತ್ರಿಕೆ ಕೊಳ್ಳುತ್ತಿದ್ದರು. ಅವನ ತೀರ್ಪುಗಳನ್ನು ನಾನು ಒಪ್ಪುವುದು ಕಡಿಮೆ, ಆದರೆ 1940ರ ದಶಕದ ಭಾರತೀಯ ಚಿತ್ರರಂಗದ ಬೆವರಿನ ವಾಸನೆ ಅಲ್ಲಿ ಸಿಗುವಷ್ಟು ಬೇರೆಲ್ಲೂ ಸಿಗುವುದಿಲ್ಲ. ನೀವು ಆ ಕಾಲದ ಹಿಂದಿ ಸಿನಿಮಾ ನೋಡುವ ವಾರ ಗೆಳೆಯ ಅದನ್ನು ಹುಡುಕಿ ತರಲಿ. ಪುಕ್ಕಟೆಯದನ್ನೂ ದುಡ್ಡು ಕೊಟ್ಟದ್ದನ್ನೂ ಜೊತೆಗಿಟ್ಟು ಓದಿದರೆ ಅವನಿಗೇ ವ್ಯತ್ಯಾಸ ತಿಳಿಯುತ್ತದೆ.

ಬೇರೆ ಪತ್ರಿಕೆಗಳ ಮಾತು ಬೇಗ ಮುಗಿಸುತ್ತೇನೆ. ‘ಕಾಯೆ ದ್ಯು ಸಿನೆಮಾ’ ಓದಲು ಫ್ರೆಂಚ್ ಬರಬೇಕು, ಬಂದರೆ ಅದರ 1950ರ ದಶಕದ ಸಂಚಿಕೆಗಳಿಗೆ ಸಮ ಇಲ್ಲ. ನಿಮ್ಮ ಬಳಗಕ್ಕೆ 1940–50ರ ಅಮೆರಿಕದ ಕಪ್ಪುಬಿಳುಪು ಅಪರಾಧ ಚಿತ್ರಗಳ ಹುಚ್ಚಿದ್ದರೆ ‘ನೋಯಾರ್ ಸಿಟಿ’ ನೋಡಿ. ಎಡ್ಡಿ ಮುಲ್ಲರ್ ಕಟ್ಟಿದ ಫಿಲ್ಮ್ ನೋಯಾರ್ ಫೌಂಡೇಶನ್ ಅದನ್ನು ಹೊರಡಿಸುತ್ತದೆ, ಅಂಥ ಸಿನಿಮಾಗಳ ಪುನರುಜ್ಜೀವನವೂ ಅವರ ಕೆಲಸ. ತಾರೆಯರ ಬದುಕಿನ ಕತೆಯೇ ತುಂಬಿದ ಹಳೇ ಹಾಲಿವುಡ್ ಪತ್ರಿಕೆಗಳನ್ನು ನಾನು ಸೂಚಿಸುವುದಿಲ್ಲ. ಓದಲು ಹಿತವಾಗಿರುತ್ತವೆ, ಆದರೆ ಮತ್ತೆ ಸಿನಿಮಾ ಹಾಕಿದಾಗ ಕಣ್ಣಿಗೆ ಹೊಸದೇನೂ ಕೊಡುವುದಿಲ್ಲ.

ಇಂಗ್ಲಿಷ್ ಕಷ್ಟವೆಂದ ಇಬ್ಬರ ವಿಷಯಕ್ಕೆ ಬರುತ್ತೇನೆ. ಅವರನ್ನು ಬಿಟ್ಟು ನೀವು ಐವರು ಓದಬೇಡಿ, ಬಳಗ ಒಡೆಯುತ್ತದೆ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂ ಚಿತ್ರಸಮಾಜ ಕಟ್ಟಿ, ಹಳ್ಳಿಯ ಜನಕ್ಕೆ ಜಗತ್ತಿನ ಸಿನಿಮಾ ತೋರಿಸಿದರು, ಅದರ ಬಗ್ಗೆ ಕನ್ನಡದಲ್ಲೇ ಬರೆದರು, ಕನ್ನಡದಲ್ಲೇ ಮಾತಾಡಿಸಿದರು. ಸಿನಿಮಾದ ಬಗ್ಗೆ ಆಳವಾಗಿ ಮಾತಾಡಲು ಇಂಗ್ಲಿಷ್ ಬೇಕಿಲ್ಲ ಎಂಬುದು ಅಲ್ಲೇ ಸಾಬೀತಾಗಿದೆ. ಹೀಗೆ ಮಾಡಿ: ಪ್ರತಿ ಸಲ ಒಬ್ಬರು ಲೇಖನ ಓದಿಕೊಂಡು ಬಂದು, ಹಾಳೆ ನೋಡದೆ, ಕತೆ ಹೇಳಿದಂತೆ ಕನ್ನಡದಲ್ಲಿ ಹೇಳಲಿ. ಹಾಗೆ ಹೇಳಲು ಹೊರಟಾಗಲೇ ಆ ಲೇಖನದಲ್ಲಿ ಹುರುಳಿದೆಯೋ ಬರೀ ದೊಡ್ಡ ಮಾತೋ ಗೊತ್ತಾಗುತ್ತದೆ. ಕೆಲವು ಹೊಸ ಲೇಖನಗಳು ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ ಎಂಬುದನ್ನೂ ನೀವೇ ಕಾಣುತ್ತೀರಿ. ‘ಮಂತ್ಲಿ ಫಿಲ್ಮ್ ಬುಲೆಟಿನ್’ನ ವಿಮರ್ಶೆಗಳು ಚಿಕ್ಕವು, ಭಾಷೆ ಬಿಗಿ. ಆ ಇಬ್ಬರು ಅಲ್ಲಿಂದ ಶುರುಮಾಡಲಿ. ನೋಡಿ ಬಂದ ಸಿನಿಮಾದ ಬಗ್ಗೆ ಓದುವಾಗ ಅರ್ಧ ಪದಗಳ ಅರ್ಥ ತಾನಾಗಿ ಹೊಳೆಯುತ್ತದೆ.

ಸಿನಿಮಾಕ್ಕೆ ಮೊದಲು ಓದುವುದೋ ಆಮೇಲೋ? ಮೊದಲ ಬಾರಿ ನೋಡುವ ಸಿನಿಮಾ ಆದರೆ ಏನೂ ಓದಬೇಡಿ. ನೋಡಿ, ಮಲಗಿ, ಮಾರನೆಯ ದಿನ ಆ ವರ್ಷದ ವಿಮರ್ಶೆ ಓದಿ. ಆಮೇಲೆ ಹತ್ತಿಪ್ಪತ್ತು ವರ್ಷ ಮುಂದಕ್ಕೆ ಹೋಗಿ, ಅದೇ ಸಿನಿಮಾದ ಬಗ್ಗೆ ಮತ್ತೇನಾದರೂ ಬಂದಿದೆಯೇ ಹುಡುಕಿ. ಈಗಾಗಲೇ ನೋಡಿದ ಸಿನಿಮಾ ಆದರೆ ಎಲ್ಲವನ್ನೂ ಓದಿಕೊಂಡೇ ಪರದೆ ಕಟ್ಟಿ.

ಹೊಸ ಸಂಚಿಕೆಗಳನ್ನು ಪೂರ್ತಿ ಮರೆಯಬೇಡಿ. ಹಳೆಯ ಸಿನಿಮಾ ಎಲ್ಲಿ ಮತ್ತೆ ಜೀವ ಪಡೆಯುತ್ತಿದೆ ಎಂಬುದು ಅಲ್ಲಿ ತಿಳಿಯುತ್ತದೆ. ಬೊಲೊನ್ಯಾದಲ್ಲಿ 1986ರಿಂದ ಹಳೆಯ ಸಿನಿಮಾಗಳದ್ದೇ ಉತ್ಸವ ನಡೆಯುತ್ತದೆ, ರಾತ್ರಿ ಊರ ನಡುವಿನ ಚೌಕದಲ್ಲಿ ಸಾವಿರಾರು ಜನ ಕೂತು ನೋಡುತ್ತಾರೆ. ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿಯ ಸಂಸ್ಥೆ ಸೇರಿ ಪುನರುಜ್ಜೀವಗೊಳಿಸಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದವು. ಆ ಹೊಸ ಪ್ರತಿ ನಿಮ್ಮ ಹತ್ತಿರದ ಊರಿಗೆ ಬಂದರೆ ಏಳೂ ಜನ ಬಸ್ಸು ಹತ್ತಿ ಹೋಗಿ, ಪಂಚೆಯ ಮೇಲೆ ನೋಡಲು ಕಾಯಬೇಡಿ. ಛಾಯಾಗ್ರಾಹಕ ಎಸ್. ರಾಮಚಂದ್ರ ಹಿಡಿದ ಆ ಅಗ್ರಹಾರದ ಒಳಮನೆಗಳ ಕತ್ತಲು, ಸವೆದ ಪ್ರತಿಗಳಲ್ಲಿ ಬರೀ ಮಸಿಯಾಗಿತ್ತು.

ಚಂದಾ ಕಟ್ಟುವ ದಿನ ಎಲ್ಲರೂ ಒಟ್ಟಿಗೆ ಕೂತುಕೊಳ್ಳಿ. ಭಂಡಾರ ತೆರೆದ ಕೂಡಲೇ 1957ರ ವಸಂತ ಸಂಚಿಕೆಗೆ ಹೋಗಿ, ರಾಯ್ ಲೇಖನ ತೆಗೆದು, ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಪ್ಯಾರಾ ಪ್ಯಾರಾಕ್ಕೆ ಕನ್ನಡದಲ್ಲಿ ಹೇಳುತ್ತಾ ಹೋಗಲಿ. ಕಾಶ ಹೂವಿನ ಜಾಗ ಬಂದಾಗ ಓದು ನಿಲ್ಲಿಸಿ ಪ್ರೊಜೆಕ್ಟರ್ ಹಾಕಿ.